ಹುಣಸೆಮರದ ಕೆಂಪಕ್ಕನ ವರ್ಗಾವಣೆ

ಮೀಟಿಂಗಿನಲ್ಲಿ ಕೈ ಎತ್ತಬಾರದು ಎಂಬುದು ಬೆನಕಪ್ಪ ತನ್ನ ಒಂಬತ್ತು ವರ್ಷದ ನೌಕರಿಯಲ್ಲಿ ಕಲಿತ ಒಂದೇ ಪಾಠ. ಎರೆಗಟ್ಟೆ ಗ್ರಾಮ ಪಂಚಾಯ್ತಿಯ ಸೆಕ್ರೆಟರಿಯಾಗಿ ಅವನು ತಿಂಗಳಿಗೊಮ್ಮೆ ಹೊನ್ನಾಳಿಗೆ ಹೋಗುತ್ತಿದ್ದ, ಬಿಡಿಒ ಸಾಹೇಬರ ಮೀಟಿಂಗಿನಲ್ಲಿ ಕೊನೇ ಸಾಲಿನಲ್ಲಿ ಕೂರುತ್ತಿದ್ದ, ಮಂಡಕ್ಕಿ ಮಿರ್ಚಿ ತಿಂದು ಸಾಸ್ವೆಹಳ್ಳಿ ಬಸ್ಸಿಗೆ ವಾಪಸಾಗುತ್ತಿದ್ದ. ಆದರೆ ೧೯೭೯ರ ಸೆಪ್ಟೆಂಬರ್ ಮೀಟಿಂಗಿನಲ್ಲಿ ಅವನು ಕೈ ಎತ್ತಿದ. ಎತ್ತಿದ್ದು ನಾಲ್ಕು ಗಂಟೆಯ ಬಸ್ಸು ತಪ್ಪಿಹೋಗುತ್ತದೆ, ಅಪ್ಪಣೆ ಕೊಡಿ ಎಂದು ಕೇಳಲು. ಅದೇ ಗಳಿಗೆಯಲ್ಲಿ ಬಿಡಿಒ ತಿಪ್ಪೇರುದ್ರಸ್ವಾಮಿಯವರು, "ಇದು ಮಕ್ಕಳ ವರ್ಷ. ಊರು ಹೆಂಗಿರಬೇಕು ಅಂತ ಮಕ್ಕಳನ್ನೇ ಕೇಳ್ರಿ, ಅವರ ಸಭೆ ಮಾಡ್ರಿ ಅಂತ ಮೂರು ತಿಂಗಳ ಹಿಂದೆ ಸುತ್ತೋಲೆ ಕಳ್ಸೀನಿ. ಒಬ್ಬರಾದ್ರೂ ಮಾಡೀರೇನ್ರೀ?" ಎಂದು ಕೇಳಿ ಮುಗಿಸಿದ್ದರು.

ಉಳಿದ ಸೆಕ್ರೆಟರಿಗಳೆಲ್ಲ ತಮ್ಮ ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಬಿಡಿಒ ಕಣ್ಣಿಗೆ ಬಿದ್ದದ್ದು ಒಂದೇ ಕೈ.

"ನೋಡ್ರಿ, ಎರೆಗಟ್ಟೆಯೋರು ಮಾಡ್ಯಾರೆ. ಹೆಂಗಾತ್ರೀ ಸಭೆ?"

ಸಾಹೇಬರೇ ಚಪ್ಪಾಳೆ ತಟ್ಟಿದರು. ಸಾಹೇಬರು ತಟ್ಟಿದ ಮೇಲೆ ಮೂವತ್ತು ಜನ ತಟ್ಟಿದರು. ಬೆನಕಪ್ಪನಿಗೆ ಹುಟ್ಟಿದಾಗಿನಿಂದ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಆ ಸದ್ದಿನಲ್ಲಿ ಅವನಿಗೆ ಬಸ್ಸೂ ಮರೆತುಹೋಯಿತು, ಮಾನವೂ ಮರೆತುಹೋಯಿತು.

"ಭಾಳ ಚೆನ್ನಾಗಿ ಆತು ಸಾರ್," ಎಂದ.

"ಹಂಗಾರೆ ನಡವಳಿ ಪ್ರತಿ ಸೋಮವಾರದೊಳಗೆ ಕಳಿಸ್ರಿ. ನಿಮ್ಮ ಕಾಯಂ ಫೈಲು ನನ್ನ ಟೇಬಲ್ ಮ್ಯಾಲೇ ಐತೆ. ಇಂಥ ಕೆಲಸ ಮಾಡೋರಿಗೆ ಕೊಡದೆ ಇನ್ಯಾರಿಗೆ ಕೊಡಾಣ. ಕಳಿಸ್ಲಿಲ್ಲ ಅಂದ್ರೆ ಫೈಲು ಕಟ್ಟಿ ಅಟ್ಟಕ್ಕೆ ಹಾಕ್ತೀನಿ, ಅಷ್ಟೇ."

ಕಾಯಂ ಎಂಬ ಆ ಎರಡಕ್ಷರಕ್ಕೆ ಬೆನಕಪ್ಪನ ಮನೆಯಲ್ಲಿ ದೇವರಿಗಿಂತ ಹೆಚ್ಚು ಪೂಜೆ ಆಗುತ್ತಿತ್ತು. ಒಂಬತ್ತು ವರ್ಷದಿಂದ ಅವನು ಟೆಂಪರವರಿ. ಚನ್ನಗಿರಿಯಲ್ಲಿದ್ದ ಅವನ ಅತ್ತೆ ನಾಲ್ಕು ಜನರೆದುರು "ಇವ್ರು ನಮ್ಮ ಟೆಂಪರವರಿ ಅಳಿಯ" ಎಂದೇ ಪರಿಚಯ ಮಾಡಿಕೊಡುತ್ತಿದ್ದಳು. ಹೆಂಡತಿ ಕಸ್ತೂರಮ್ಮ ಆ ಮಾತಿಗೆ ಹೆದರಿ ಎರಡು ವರ್ಷದಿಂದ ತವರಿಗೇ ಹೋಗಿರಲಿಲ್ಲ. ಈ ಸಲ ತಪ್ಪಿದರೆ ಗಂಡನ ಜಾಗಕ್ಕೆ ಇನ್ಯಾರೋ ಬರುತ್ತಾರೆ ಎಂಬುದು ಅವಳಿಗೂ ಗೊತ್ತಿತ್ತು.

ಅವಸರದಲ್ಲಿ ಬಸ್ಸಿನ ಕಿಟಕಿಯ ಶಟರ್ ಎಳೆಯಲು ಹೋಗಿ ಬೆನಕಪ್ಪ ಬಲಗೈ ತೋರುಬೆರಳು ಜಜ್ಜಿಕೊಂಡು ಮನೆಗೆ ಬಂದ. ಕಸ್ತೂರಮ್ಮ ಅರಿಶಿನ ಹಚ್ಚಿ ಬಟ್ಟೆ ಸುತ್ತಿ, ನಡೆದದ್ದನ್ನೆಲ್ಲ ಕೇಳಿ, "ಎತ್ತಬಾರದ ಕೈ ಎತ್ತಿದ್ರೆ ಹಿಂಗೇ ಆಗೋದು. ಇನ್ನೇನು, ನಾಳೆ ಸಭೆ ಮಾಡಿಬಿಡ್ರಿ. ಹುಡುಗ್ರನ್ನ ಸೇರ್ಸಾಕೆ ಎಷ್ಟೊತ್ತು," ಎಂದಳು.

ಇಲ್ಲಿ ಎರೆಗಟ್ಟೆ ಪಂಚಾಯ್ತಿಯ ಒಂದು ಪದ್ಧತಿ ಹೇಳಬೇಕು. ಅಲ್ಲಿ ಮೀಟಿಂಗು ನಡೆಯುತ್ತಿರಲಿಲ್ಲ, ಸಹಿ ಮಾತ್ರ ನಡೆಯುತ್ತಿತ್ತು. ಮೆಂಬರುಗಳಿಗೆ ಗದ್ದೆ ಕೆಲಸ, ಮದುವೆ ಕೆಲಸ, ಎಮ್ಮೆ ಕೆಲಸ. ವರ್ಷಕ್ಕೆ ಎರಡು ಸಲ ಎಲ್ಲರೂ ಸಿಕ್ಕಾಗ ಬೆನಕಪ್ಪ ಠರಾವು ಪುಸ್ತಕ ಬಿಚ್ಚುತ್ತಿದ್ದ. ಕಾಫಿ ಕುಡಿಯುವಷ್ಟರಲ್ಲಿ ಆರೇಳು ಖಾಲಿ ಪುಟಗಳ ತಳಭಾಗದಲ್ಲಿ ಚೇರ್ಮನ್ ರೇವಣ್ಣನ ಸಹಿ, ಮೆಂಬರ್ ದುರುಗಣ್ಣನ ಹೆಬ್ಬೆಟ್ಟು, ಮಹಿಳಾ ಮೆಂಬರ್ ಉಚ್ಚಂಗಮ್ಮನ ಹೆಬ್ಬೆಟ್ಟು, ಮಿಕ್ಕವರದ್ದೆಲ್ಲ ಬಿದ್ದುಬಿಡುತ್ತಿತ್ತು. ಆಮೇಲೆ ಬೇಕಾದಾಗ ಬೆನಕಪ್ಪ ಮೇಲಿನ ಜಾಗದಲ್ಲಿ "ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ" ಎಂದು ಶುರುಮಾಡುತ್ತಿದ್ದ. ಇಷ್ಟು ಒಗ್ಗಟ್ಟಿನ ಪಂಚಾಯ್ತಿ ತಾಲ್ಲೂಕಿನಲ್ಲೇ ಇಲ್ಲ ಎಂದು ಹೊನ್ನಾಳಿಯಲ್ಲಿ ಹೆಸರಿತ್ತು.

ಮರುದಿನ ಶನಿವಾರ. ಬೆಳಗಿನ ಶಾಲೆ ಬಿಟ್ಟ ಕೂಡಲೇ ನಲವತ್ತು ಮಕ್ಕಳನ್ನು ಮೇಷ್ಟ್ರು ಹಿಡಿದು ಕೂರಿಸಿದರು. ಬೆರಳಿಗೆ ಬಟ್ಟೆ ಸುತ್ತಿಕೊಂಡ ಬೆನಕಪ್ಪನಿಗೆ ಬರೆಯಲಾಗುತ್ತಿರಲಿಲ್ಲ. "ಅಕ್ಷರ ಚೆಂದ ಇರೋರು ಯಾರು?" ಎಂದು ಕೇಳಿದ. ಎಲ್ಲರೂ ಏಳನೇ ಕ್ಲಾಸಿನ ಮೂಕಮ್ಮನ ಕಡೆ ಕೈ ತೋರಿಸಿದರು. ಹೆಸರು ಇಟ್ಟವರು ಆಮೇಲೆ ಪಶ್ಚಾತ್ತಾಪ ಪಟ್ಟಿರಬೇಕು, ಆ ಹುಡುಗಿ ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಅವಳವ್ವ ಉಡಚಮ್ಮ ಗದ್ದೆ ಕೂಲಿಗೆ ಹೋಗುವವಳು, ಮಗಳು ಮೇಷ್ಟ್ರಾಗುತ್ತಾಳೆ ಎಂದು ಆಗಲೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

"ಯಾವುದ್ರಾಗೆ ಬರೀಲಿ ಸಾರ್?"

"ಇದ್ರಾಗೆ, ಹೊಸ ಪುಟದಾಗೆ," ಎಂದು ಬೆನಕಪ್ಪ ಇದ್ದ ಒಂದೇ ಪುಸ್ತಕವನ್ನು ಅವಳ ಕೈಗಿಟ್ಟ. "ಊರಿಗೆ ಏನೇನು ಬೇಕು ಅಂತ ನೀವೇ ಮಾತಾಡ್ಕಳ್ರಿ. ನಾನು ಕಾಫಿ ಕುಡಿದು ಬತ್ತೀನಿ."

ಅವನು ಕಾಫಿ ಕುಡಿದು, ಹೋಟ್ಲಿನ ಬೆಂಚಿನ ಮೇಲೆ ಒಂದು ಜೊಂಪು ಮುಗಿಸಿ ಬರುವ ಹೊತ್ತಿಗೆ ಮಕ್ಕಳ ಸಭೆ ಮುಗಿದು, ಪುಟ ತುಂಬಿ, ಅದರ ಪ್ರತಿಯೂ ತಯಾರಾಗಿತ್ತು. ದೂರದಲ್ಲಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಬೆನಕಪ್ಪ ಪ್ರತಿಯ ಮೇಲೆ "ನಿಜಪ್ರತಿ" ಎಂಬ ಮೊಹರು ಒತ್ತಿ, ಎಡಗೈಯಲ್ಲಿ ಸಹಿ ಗೀಚಿ, ಲಕೋಟೆಗೆ ಹಾಕಿ ಕಂಡಕ್ಟರ್ ಕೈಗೆ ಕೊಟ್ಟ. ಓದಲಿಲ್ಲ. ಓದುವ ಪದ್ಧತಿ ಆ ಪಂಚಾಯ್ತಿಯಲ್ಲಿ ಇರಲಿಲ್ಲ ಎಂದು ಆಗಲೇ ಹೇಳಿದೆ.

ದೀಪಾವಳಿಗೆ ಹದಿನೈದು ದಿನ ಇರುವಾಗ ಹೊನ್ನಾಳಿಯಿಂದ ಲಕೋಟೆ ಬಂತು. ಬೆನಕಪ್ಪ ಕಾಯಂ ಆರ್ಡರ್ ಎಂದುಕೊಂಡು ದೇವರ ಮುಂದಿಟ್ಟು ಒಡೆದ. ಒಳಗೆ ಹೀಗಿತ್ತು: ಮಕ್ಕಳ ಸಭೆ ಕೇಳಿದಂತೆ ಎರೆಗಟ್ಟೆ ಪಂಚಾಯ್ತಿಯ ಸರ್ವ ಸದಸ್ಯರು ಸರ್ವಾನುಮತದಿಂದ ಅಂಗೀಕರಿಸಿರುವ ಕೆಳಕಂಡ ನಾಲ್ಕು ಠರಾವುಗಳನ್ನು ಅನುಮೋದಿಸಲಾಗಿದೆ, ಮೂರು ವಾರದೊಳಗೆ ಜಾರಿ ಮಾಡುವುದು, ತಪ್ಪಿದಲ್ಲಿ ಸೆಕ್ರೆಟರಿಯವರೇ ಹೊಣೆ, ಬಿಡಿಒ ಖುದ್ದು ತಪಾಸಣೆಗೆ ಬರುತ್ತಾರೆ.

ಬೆನಕಪ್ಪ ಠರಾವು ಪುಸ್ತಕ ಬಿಚ್ಚಿದ. ಮೇಲೆ ಮೂಕಮ್ಮನ ಮುತ್ತಿನಂಥ ಅಕ್ಷರ, ಕೆಳಗೆ ಚೇರ್ಮನ್ನರ ಸಹಿಯಿಂದ ಹಿಡಿದು ಉಚ್ಚಂಗಮ್ಮನ ಹೆಬ್ಬೆಟ್ಟಿನವರೆಗೆ ಎಲ್ಲ ಇತ್ತು.

ಮೊದಲನೇ ಠರಾವು: ಶಾಲೆಯ ಬಯಲಿನಲ್ಲಿ ರೇವಣ್ಣನವರ ಮೂರು ಹುಲ್ಲಿನ ಬಣವೆ ಮತ್ತು ಒಂದು ತಿಪ್ಪೆ ಇದ್ದು, ಹುಡುಗರು ಬಸ್ಸಿನ ದಾರಿಯಲ್ಲಿ ಆಡುತ್ತಿದ್ದಾರೆ, ಆದ್ದರಿಂದ ಬಯಲು ಖಾಲಿ ಮಾಡಿಸುವುದು. ಎರಡನೇ ಠರಾವು: ದುರುಗಣ್ಣನವರ ಟಗರು ಶಾಲೆಗೆ ಹೋಗುವ ಮಕ್ಕಳಿಗೆ ಹಾಯುತ್ತದೆ, ಅದನ್ನು ಕಟ್ಟಿಹಾಕುವುದು. ಮೂರನೇ ಠರಾವು: ಶಾಲೆಯ ಗೋಡೆ ಹಿಂದೆ ದೊಡ್ಡವರು ಚೊಂಬು ಹಿಡಿದು ಬರಕೂಡದು, ಬಂದವರ ಚೊಂಬು ಜಪ್ತಿ ಮಾಡಿ, ನೀರನ್ನು ಬೇವಿನ ಸಸಿಗೆ ಹಾಕಿ, ಸಹಿ ಅಥವಾ ಹೆಬ್ಬೆಟ್ಟು ತೆಗೆದುಕೊಂಡು ಚೊಂಬು ವಾಪಸು ಕೊಡುವುದು. ನಾಲ್ಕನೇ ಠರಾವು: ಶಾಲೆ ಪಕ್ಕದ ಹುಣಸೆಮರದಲ್ಲಿ ಇರುವ ಕೆಂಪಕ್ಕನನ್ನು ಬೇರೆ ಊರಿಗೆ ವರ್ಗ ಮಾಡುವುದು, ಸಣ್ಣ ಹುಡುಗರು ಹೆದರುತ್ತಾರೆ.

ಕೆಂಪಕ್ಕ ಎಂದರೆ ದೆವ್ವ. ಮೂರು ತಲೆಮಾರಿನಿಂದ ಆ ಮರದಲ್ಲೇ ಇದ್ದಳು. ಹೊನ್ನಾಳಿ ಕಚೇರಿ ಇದನ್ನೂ ಅನುಮೋದಿಸಿ, ಪಕ್ಕದಲ್ಲಿ ಷರಾ ಬರೆದಿತ್ತು: "ಸದರಿ ಕೆಂಪಕ್ಕನವರ ಹುದ್ದೆ, ನೇಮಕಾತಿ ದಿನಾಂಕ ಹಾಗೂ ಸೇವಾ ವಿವರಗಳನ್ನು ಕೂಡಲೇ ಸಲ್ಲಿಸುವುದು."

ಚೇರ್ಮನ್ ರೇವಣ್ಣ ಪುಸ್ತಕವನ್ನು ಮೂರು ಸಲ ತಿರುಗಿಸಿ ನೋಡಿದ. ದೊಡ್ಡ ಕುಳ, ದೊಡ್ಡ ಮೀಸೆ, ಊರಿನ ಅರ್ಧ ಗದ್ದೆ ಅವನದು.

"ಏನಯ್ಯಾ ಇದು ಬೆನಕಪ್ಪ? ನನ್ನ ಬಣವೆ ತೆಗೀಬೇಕು ಅಂತ ನಾನೇ ಸಹಿ ಹಾಕೀನಾ?"

"ಸಹಿ ನಿಮ್ದೇ ಅಲ್ವರಾ ಗೌಡ್ರೆ?"

"ಖಾಲಿ ಪುಟಕ್ಕೆ ಹಾಕಿದ್ದು. ಹಂಗಂತ ಬರೆದು ಕಳಿಸು."

ಬೆನಕಪ್ಪ ವಿನಯದಿಂದ ಕೈಕೈ ಹಿಸುಕಿಕೊಂಡ. "ಕಳಿಸ್ಬೋದ್ರೀ. ಆದ್ರೆ ನಿಮ್ಮ ಮನೆ ಮುಂದ್ಲ ಚರಂಡಿ, ನಿಮ್ಮ ಓಣಿ ದೀಪ, ನಿಮ್ಮ ತ್ವಾಟದ ದಾರಿ, ಎಲ್ಲಾ ಖಾಲಿ ಪುಟದ ಮ್ಯಾಲೇ ನಿಂತಾವೆ. ಒಂದು ಹೋದ್ರೆ ಎಲ್ಲಾ ಹೋಗ್ತಾವಲ್ರೀ."

ರೇವಣ್ಣ ಪುಸ್ತಕ ಮುಚ್ಚಿ, ಮೀಸೆ ನೀವುತ್ತ ಎದ್ದು ಹೋದ.

ಉಳಿದ ಮೆಂಬರುಗಳ ಸಂಗತಿ ಬೇರೆಯೇ ಆಯಿತು. ಖಾಲಿ ಪುಟ ಎಂದು ಒಪ್ಪಿಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ಉಚ್ಚಂಗಮ್ಮ ಬಾವಿಕಟ್ಟೆಯಲ್ಲಿ, "ಅವತ್ತು ಮೀಟಿಂಗಿನಾಗೆ ಗಟ್ಟಿಯಾಗಿ ಮಾತಾಡಿದೋಳೇ ನಾನು. ಚೊಂಬಿನ ಇಚಾರ ಎತ್ತಿದ್ದು ನಾನೇ," ಎಂದಳು. ಆಗದೇ ಇದ್ದ ಮೀಟಿಂಗಿನಲ್ಲಿ ತಾನು ರೇವಣ್ಣನಿಗೆ ಹೇಗೆ ಎದುರು ನಿಂತೆ ಎಂಬುದನ್ನು ಎರಡೇ ದಿನದಲ್ಲಿ ಅಭಿನಯ ಸಮೇತ ಹೇಳತೊಡಗಿದಳು. ದುರುಗಣ್ಣ ಟಗರಿನ ಕುತ್ತಿಗೆಗೆ ಹಗ್ಗ ಬಿಗಿದು, "ನೋಡಪ್ಪಾ, ಹೆಬ್ಬೆಟ್ಟು ಒತ್ತಿದ್ಮ್ಯಾಲೆ ಮುಗೀತು. ನಾನು ಒಪ್ಪೀನಂತೆ, ನೀನೂ ಒಪ್ಪಬೇಕು," ಎಂದು ಅದಕ್ಕೆ ಸಮಾಧಾನ ಹೇಳಿ ಗೂಟಕ್ಕೆ ಕಟ್ಟಿದ. ಟಗರು ಗೂಟವನ್ನೇ ಹಾಯತೊಡಗಿತು.

ಮೂರನೇ ಠರಾವನ್ನು ಮಕ್ಕಳೇ ವಹಿಸಿಕೊಂಡರು. ಬೆಳಕು ಹರಿಯುವ ಮುಂಚೆ ಮೂಕಮ್ಮನ ದಂಡು ಶಾಲೆ ಗೋಡೆಯ ಮೂಲೆಯಲ್ಲಿ ನಿಲ್ಲುತ್ತಿತ್ತು. ಚೊಂಬು ಹಿಡಿದು ಬಂದವರನ್ನು ಸುತ್ತುವರಿದು, "ಠರಾವು ಆಗೈತೆ, ಚೊಂಬು ಕೊಡ್ರಿ, ಅತ್ಲಾಗೆ ಹಳ್ಳದ ಕಡೆ ಹೋಗ್ರಿ," ಎನ್ನುತ್ತಿದ್ದರು. ಅವಸರದಲ್ಲಿರುವ ಮನುಷ್ಯ ವಾದ ಮಾಡುವುದಿಲ್ಲ. ಚೊಂಬು ಕೊಟ್ಟು ಓಡುತ್ತಿದ್ದ. ಒಂದೇ ವಾರದಲ್ಲಿ ಪಂಚಾಯ್ತಿ ಆಫೀಸಿನಲ್ಲಿ ಹಿತ್ತಾಳೆ, ತಾಮ್ರ, ಅಲ್ಯುಮಿನಿಯಂ ಚೊಂಬುಗಳು ಚೀಟಿ ಕಟ್ಟಿಸಿಕೊಂಡು ಸಾಲಾಗಿ ಕೂತವು. ಬೇವಿನ ಸಸಿಗಳು ಚಿಗುರಿದವು.

ಬೆನಕಪ್ಪ ದಿನಾ ಬೆಳಗ್ಗೆ ಚೊಂಬು ವಾಪಸು ಕೊಡುವ ಕೆಲಸದಲ್ಲಿ ಮುಳುಗಿದ. ಅದಕ್ಕಾಗಿ ಮೂಕಮ್ಮನಿಗೆ ನೂರು ಪುಟದ ಒಂದು ನೋಟ್‌ಬುಕ್ ಕೊಡಿಸಿ, ಕೆಲಸದ ಗುಟ್ಟನ್ನೂ ಹೇಳಿಕೊಟ್ಟ.

"ಮೊದ್ಲು ಕೆಳಗೆ ಸಹಿ ಹಾಕಿಸ್ಕೋಬೇಕವ್ವ. ಜನ ಅವಸರದಾಗೆ ಇರ್ತಾರೆ, ಹೊಂಟೋಗ್ತಾರೆ. ಮ್ಯಾಲಿಂದು ಆಮ್ಯಾಕೆ ನಿಧಾನಕ್ಕೆ ಬರ್ಕಂಡ್ರಾತು."

"ಅವ್ರು ಓದಾಕಿಲ್ವಾ ಸಾರ್?"

"ಓದಾಕೆ ಕುಂತ್ರೆ ಸರ್ಕಾರ ನಡೀತೈತಾ?" ಎಂದ ಬೆನಕಪ್ಪ. ಮೂಕಮ್ಮ ತಲೆಯಾಡಿಸಿದಳು.

ದೀಪಾವಳಿಗೆ ರೇವಣ್ಣನ ಹೊಸ ಅಳಿಯ ಚನ್ನಗಿರಿಯಿಂದ ಬಂದ. ಅಡಿಕೆ ಮಂಡಿಯ ಮನೆತನ, ಮದುವೆಯಾದ ಮೊದಲ ದೀಪಾವಳಿ. ಮಾವನ ಮನೆಯವರು ಮದುವೆಯಲ್ಲಿ ಕೊಟ್ಟ ಬೆಳ್ಳಿ ಚೊಂಬನ್ನು ಅವನು ಎಲ್ಲಿಗೆ ಹೋದರೂ ಜೊತೆಗೆ ಒಯ್ಯುತ್ತಿದ್ದ. ಮಾವನ ಮನೆಯಲ್ಲೇ ಬಿಟ್ಟರೆ ವಾಪಸು ಅವರದೇ ಆಗಿಬಿಡಬಹುದು ಎಂಬ ಅನುಮಾನ. ಹಬ್ಬದ ಎಣ್ಣೆಸ್ನಾನಕ್ಕೆ ಮುಂಚೆ, ಕತ್ತಲು ಇನ್ನೂ ಪೂರ್ತಿ ಹರಿದಿರಲಿಲ್ಲ, ಅಳಿಯ ಬೆಳ್ಳಿ ಚೊಂಬಿನಲ್ಲಿ ನೀರು ತುಂಬಿಕೊಂಡು ಶಾಲೆಯ ಗೋಡೆ ಹಿಂದೆ ಹೊರಟ.

"ನಾನು ಯಾರು ಗೊತ್ತೇನ್ರೋ? ಚೇರ್ಮನ್ನರ ಅಳಿಯ."

"ಚೇರ್ಮನ್ನರೇ ಸಹಿ ಹಾಕ್ಯಾರೆ ಅಣ್ಣಾ," ಎಂದಳು ಮೂಕಮ್ಮ. ಬೆಳ್ಳಿ ಚೊಂಬಿನ ನೀರು ಬೇವಿನ ಸಸಿಗೆ ಹೋಯಿತು. ಅಳಿಯ ಹಳ್ಳ ಎಲ್ಲಿದೆ ಎಂದು ತಿಳಿಯದೆ ಊರೆಲ್ಲ ಸುತ್ತಿ, ಕೊನೆಗೆ ಹೇಗೋ ಮಾವನ ಮನೆ ಸೇರಿದ. ಅವನ ಅವಸ್ಥೆಯನ್ನು ವರ್ಣಿಸುವುದು ಹಬ್ಬದ ದಿನಕ್ಕೆ ಒಪ್ಪುವ ಮಾತಲ್ಲ.

ಹೋಳಿಗೆ ಎಲೆಗೆ ಬೀಳುವ ಮುಂಚೆಯೇ ಅಳಿಯ ಚೊಂಬು ಕೇಳಿಕೊಂಡು ಪಂಚಾಯ್ತಿ ಆಫೀಸಿಗೆ ಬಂದ. ನಲವತ್ತು ಚೊಂಬುಗಳ ನಡುವೆ ಬೆಳ್ಳಿಯದು ಹೊಳೆಯುತ್ತಿತ್ತು. ಅದಕ್ಕೆ ಕಟ್ಟಿದ ಚೀಟಿಯಲ್ಲಿ "ಚೇರ್ಮನ್ ಅಳಿಯ, ಬೆಳಿಗ್ಗೆ ಐದೂಮುಕ್ಕಾಲು, ಓಡಿದರು" ಎಂದು ದುಂಡಗೆ ಬರೆದಿತ್ತು. ಅಳಿಯ ಅದನ್ನು ಓದಿ, ಸಹಿ ಹಾಕಿ, ಚೊಂಬು ಬಗಲಲ್ಲಿ ಹಿಡಿದು, ಅತ್ತೆ ಅಳುತ್ತಿದ್ದರೂ ಕೇಳದೆ ಮಧ್ಯಾಹ್ನದ ಬಸ್ಸಿಗೆ ಚನ್ನಗಿರಿಗೆ ಹೋದ.

ರೇವಣ್ಣ ಸಂಜೆಗೆ ಒಂದು ಅರ್ಜಿ ಬರೆಸಿಕೊಂಡು ಬೆನಕಪ್ಪನ ಮನೆಗೇ ಬಂದ. "ಉಡಚಮ್ಮನ ಮಗಳು ಮೂಕಮ್ಮ ಎಂಬವಳು ಸೆಕ್ರೆಟರಿ ಇಲ್ಲದ ವೇಳೆಯಲ್ಲಿ ಠರಾವು ಪುಸ್ತಕ ಕದ್ದು ಸುಳ್ಳು ಬರೆದಿರುತ್ತಾಳೆ, ಅವಳ ಹೆಸರನ್ನು ಶಾಲೆಯಿಂದ ತೆಗೆಸಬೇಕು" ಎಂದು ಅದರಲ್ಲಿತ್ತು. ಕೆಳಗೆ ಬೆನಕಪ್ಪನ ಸಹಿಗೆ ಜಾಗ ಬಿಟ್ಟಿತ್ತು.

"ನಾಡಿದ್ದು ಬಿಡಿಒ ಬರ್ತಾರೆ. ಇದಕ್ಕೆ ಸಹಿ ಹಾಕಿ ಕೊಟ್ರೆ ನನ್ನ ಬಣವೆ ಉಳಿತಾವೆ, ನಿನ್ನ ನೌಕ್ರಿ ಉಳಿತೈತೆ. ಕಾಯಂ ಮಾಡ್ಸೋ ಜವಾಬ್ದಾರಿ ನಂದು. ಹಾಕ್ಲಿಲ್ಲ ಅಂದ್ರೆ ಪುಸ್ತಕ ಹುಡುಗ್ರ ಕೈಗೆ ಕೊಟ್ಟೋನು ನೀನು ಅಂತ ನಾನೇ ಹೇಳ್ತೀನಿ. ಯೋಚ್ನೆ ಮಾಡು."

ಅವನು ಹೋದ ಮೇಲೆ ಕಸ್ತೂರಮ್ಮ ಅರ್ಜಿಯನ್ನು ಓದಿದಳು. ಆ ಮನೆಯಲ್ಲಿ ಓದುವ ಅಭ್ಯಾಸ ಇದ್ದವಳು ಅವಳೊಬ್ಬಳೇ.

"ಏನು ಮಾಡ್ಲೇ?" ಎಂದ ಬೆನಕಪ್ಪ.

"ನಮ್ಮವ್ವ ನಿಮ್ಮನ್ನ ಟೆಂಪರವರಿ ಅಳಿಯ ಅಂತಾಳೆ, ನನಗೆ ಹೊಟ್ಟೆ ಉರೀತೈತೆ. ಆದ್ರೆ ಆ ಹುಡುಗಿ ಓದು ನಿಲ್ಸಿ ನೀವು ಕಾಯಂ ಆದ್ರೆ, ಆಮ್ಯಾಕೆ ಈ ಮನೆಯಾಗೆ ಹೆಂಡ್ತಿ ಟೆಂಪರವರಿ ಆಗ್ತಾಳೆ. ಅಷ್ಟು ತಿಳ್ಕಳ್ರಿ," ಎಂದು ಹೇಳಿ ಅವಳು ಒಲೆ ಊದಲು ಹೋದಳು.

ಬೆನಕಪ್ಪ ಅರ್ಜಿಯನ್ನು ಮಡಿಸಿ ಜೇಬಿಗಿಟ್ಟ. ಸಹಿ ಹಾಕಲೂ ಇಲ್ಲ, ಹರಿಯಲೂ ಇಲ್ಲ. ಅವನ ಜೀವನದ ದೊಡ್ಡ ತೀರ್ಮಾನಗಳೆಲ್ಲ ಹೀಗೆ ಜೇಬಿನಲ್ಲೇ ಆಗುತ್ತಿದ್ದವು.

ತಪಾಸಣೆಯ ದಿನ ಬಿಡಿಒ ಸಾಹೇಬರು ಹತ್ತು ಗಂಟೆಗೆ ಜೀಪಿನಲ್ಲಿ ಬರಬೇಕಿತ್ತು. ಜೀಪು ಕೆಟ್ಟು ನಿಂತಿದ್ದರಿಂದ ಹೊನ್ನಾಳಿಯ ಮೊದಲ ಬಸ್ಸಿಗೇ ಹತ್ತಿಬಿಟ್ಟರು. ಹಿಂದಿನ ಸಂಜೆ ಎರಡು ಪ್ಲೇಟು ಮಿರ್ಚಿ ತಿಂದಿದ್ದರು. ಬಸ್ಸು ಆ ರಸ್ತೆಯಲ್ಲಿ ಒಂದೂವರೆ ಗಂಟೆ ಕುಲುಕಿತು. ಎರೆಗಟ್ಟೆಯಲ್ಲಿ ಇಳಿದವರೇ ಅವರು ಎಡಬಲ ನೋಡದೆ ಹೋಟ್ಲಿನವನ ಚೊಂಬು ಎತ್ತಿಕೊಂಡು, ಕಣ್ಣಿಗೆ ಕಂಡ ಮೊದಲ ಗೋಡೆಯ ಕಡೆ ದಾಪುಗಾಲು ಹಾಕಿದರು.

ಸಾಹೇಬರು ಬರುವ ದಿನ ಎಲ್ಲ ನೆಟ್ಟಗಿರಲಿ ಎಂದು ಬೆನಕಪ್ಪ ಅಷ್ಟು ಹೊತ್ತಿಗೇ ಶಾಲೆ ಬಯಲಿಗೆ ಬಂದಿದ್ದ. ಬಣವೆಯ ಈ ಬದಿಯಿಂದ ನೋಡುತ್ತಾನೆ, ಆ ಬದಿಯಲ್ಲಿ ಏಳೆಂಟು ಹುಡುಗರು ಯಾರನ್ನೋ ಸುತ್ತುವರಿದಿದ್ದಾರೆ. ನಡುವೆ ಟೈ ಕಟ್ಟಿದ ತಿಪ್ಪೇರುದ್ರಸ್ವಾಮಿಯವರು. ಅವರ ಚೊಂಬು ಮೂಕಮ್ಮನ ಕೈಯಲ್ಲಿತ್ತು. ಬೆನಕಪ್ಪ ಕೂಗಬೇಕೆಂದು ಬಾಯಿ ತೆರೆದ, ಹುಲ್ಲಿನ ಧೂಳು ಒಳಗೆ ಹೋಗಿ ಕೆಮ್ಮು ಬಂತು.

"ಅಮ್ಮಾ, ಅದನ್ನ ಕೊಡವ್ವ, ಜೀವ ಹೋಗ್ತೈತೆ," ಎನ್ನುತ್ತಿದ್ದರು ಬಿಡಿಒ.

"ಕೊಡ್ತೀವಿ ಸಾರ್. ನೀವು ಹೊರಗಿನೋರು, ಮೊದಲ್ನೇ ಸಲ. ಸಹಿ ಹಾಕಿ ತಗಂಡು ಹಳ್ಳದ ಕಡೆ ಹೋಗ್ರಿ, ಈ ಹುಡುಗ ದಾರಿ ತೋರಿಸ್ತಾನೆ."

"ಎಲ್ಲಿ ಹಾಕ್ಲಿ, ಬೇಗ ಹೇಳು."

"ಇಲ್ಲಿ ಕೆಳಗೆ. ಹೆಸ್ರು, ಹುದ್ದೆ, ತಾರೀಖು ಹಾಕ್ರಿ. ಮ್ಯಾಲಿಂದು ನಾವು ಆಮ್ಯಾಕೆ ಬರ್ಕಂತೀವಿ."

ಪುಟ ಖಾಲಿ ಇತ್ತು. ತಾಲ್ಲೂಕಿನ ದೊಡ್ಡ ಅಧಿಕಾರಿ ಅದರ ತಳದಲ್ಲಿ ಪೂರ್ತಿ ಸಹಿ ಹಾಕಿ, ಹುದ್ದೆ ಬರೆದು, ಚೊಂಬು ಕಸಿದುಕೊಂಡು ಹಳ್ಳದ ದಿಕ್ಕಿಗೆ ಓಡಿದರು. ಬೆನಕಪ್ಪ ತನ್ನ ಒಂಬತ್ತು ವರ್ಷದ ವಿದ್ಯೆ ಕಣ್ಣ ಮುಂದೆ ಫಲ ಕೊಟ್ಟದ್ದನ್ನು ನೋಡುತ್ತ ಬಣವೆಗೆ ಒರಗಿ ನಿಂತಿದ್ದ. ಸಹಿಯಲ್ಲಿದ್ದ ಹುದ್ದೆಯನ್ನು ಓದಿಕೊಂಡ ಮೂಕಮ್ಮ ದಂಡನ್ನೆಲ್ಲ ಹುಣಸೆಮರದ ಕಡೆಗೆ ಕರೆದುಕೊಂಡು ಹೋದಳು.

ಹತ್ತು ಗಂಟೆಗೆ ಪಂಚಾಯ್ತಿ ಆಫೀಸಿನಲ್ಲಿ ಊರೇ ಸೇರಿತು. ಮುಖ ತೊಳೆದು, ಕಾಫಿ ಕುಡಿದು ಗಂಭೀರವಾಗಿದ್ದ ಬಿಡಿಒ ಠರಾವು ಪುಸ್ತಕ ಬಿಚ್ಚಿ, "ಟಗರು ಕಟ್ಟೀರಿ, ಒಳ್ಳೇದು. ಚೊಂಬಿನದು ನಾನು ಖುದ್ದು ತಪಾಸಣೆ ಮಾಡೀನಿ, ಭಾಳ ಬಿಗಿಯಾಗಿ ನಡೀತೈತೆ. ಬಣವೆ ಯಾಕ್ರೀ ಇನ್ನೂ ಅಲ್ಲೇ ಅದಾವೆ?" ಎಂದು ಕೇಳಿದರು.

ರೇವಣ್ಣ ಎದ್ದು ನಿಂತ. "ಸಾರ್, ಈ ಪುಟ ನಮ್ದಲ್ಲ. ಒಂದು ಹುಡುಗಿ ಪುಸ್ತಕ ಕದ್ದು ಬರ್ದೈತೆ. ಸೆಕ್ರೆಟರಿಯೇ ಅರ್ಜಿ ಬರೆದಿಟ್ಕಂಡಾನೆ. ತೆಗೆಯಯ್ಯಾ ಬೆನಕಪ್ಪ."

ಎಲ್ಲರೂ ಬೆನಕಪ್ಪನ ಜೇಬು ನೋಡಿದರು. ಬಾಗಿಲ ಹತ್ತಿರ ಉಡಚಮ್ಮ ಮಗಳ ಭುಜ ಹಿಡಿದು ನಿಂತಿದ್ದಳು. ಮೂಕಮ್ಮ ಆ ಒಂದು ಗಳಿಗೆ ಮಾತಾಡಲಿಲ್ಲ. ಊರಿನವರು ಅದನ್ನು ಕಂಡದ್ದು ಅದೇ ಮೊದಲು. ಬೆನಕಪ್ಪ ಜೇಬನ್ನು ಕೈಯಿಂದ ಒತ್ತಿ ಹಿಡಿದ.

"ಅದು ನಾನೇ ಬರ್ದಿದ್ದು ಸಾರ್," ಎಂದ.

ಬಿಡಿಒ ಕನ್ನಡಕ ಏರಿಸಿದರು. "ನಿಮ್ಮ ಅಕ್ಷರ ಓದಾಕೆ ಎರಡು ವರ್ಷದಿಂದ ಒದ್ದಾಡೀನಿ ನಾನು. ಇದು ಮುತ್ತು ಪೋಣಿಸಿದಂಗೈತಲ್ರೀ."

"ಬೆರಳು ಜಜ್ಜಿದ್ಮ್ಯಾಲೆ ಸುಧಾರಿಸೈತೆ ಸಾರ್."

ಇನ್ನು ದಾರಿ ಇಲ್ಲವೆಂದು ರೇವಣ್ಣ ಕೊನೆಯ ಮಾತು ಆಡಿಬಿಟ್ಟ. "ಸುಳ್ಳು ಸಾರ್. ನಾವೆಲ್ಲ ಖಾಲಿ ಪುಟಕ್ಕೆ ಸಹಿ ಹಾಕಿದ್ವಿ. ಮ್ಯಾಲೆ ಏನು ಬರೀತಾರೆ ಅಂತ ನಮಗೇನು ಗೊತ್ತು?"

"ನಾವಿಲ್ಲಪ್ಪ," ಎಂದಳು ಉಚ್ಚಂಗಮ್ಮ ಕೂಡಲೇ. "ನಾನು ಅವತ್ತು ಎರಡು ತಾಸು ಮಾತಾಡೀನಿ."

ಬಿಡಿಒ ಮೇಜು ಗುದ್ದಿದರು. ಇಂಥ ಸಂದರ್ಭಕ್ಕೆ ಅವರ ಬಳಿ ಯಾವಾಗಲೂ ಒಂದು ಭಾಷಣ ಇರುತ್ತಿತ್ತು. "ಖಾಲಿ ಇತ್ತು ಅನ್ನೋದು ನೆಪ. ಸಹಿ ಅಂದ್ರೆ ಸಹಿ. ಕೆಳಗೆ ಸಹಿ ಹಾಕಿದೋನೇ ಮ್ಯಾಲಿಂದಕ್ಕೆಲ್ಲ ಜವಾಬ್ದಾರ. ಓದದೆ ಸಹಿ ಹಾಕೋನು ಚೇರ್ಮನ್ ಆಗ್ಲಿ, ಕಮಿಷನರ್ ಆಗ್ಲಿ, ಬರೆದಿದ್ದಕ್ಕೆ ಬದ್ಧನಾಗಬೇಕು. ನಾನೇ ಹಾಕಿದ್ರೂ ಅಷ್ಟೇ."

"ಸಾರ್," ಎಂದಿತು ಬಾಗಿಲ ಕಡೆಯಿಂದ ಒಂದು ದನಿ. "ನಿಮ್ಮ ಪುಟಾನೂ ತುಂಬಿಸೀವಿ. ಓದ್ಲಾ?"

ಮೂಕಮ್ಮ ನೋಟ್‌ಬುಕ್ ಬಿ‌ಚ್ಚಿ, ಶಾಲೆಯಲ್ಲಿ ಪದ್ಯ ಓದುವ ರಾಗದಲ್ಲಿ ಓದಿದಳು. ಶಾಲೆಯ ಬಯಲು ಮಕ್ಕಳದು, ಬಣವೆ ತಿಪ್ಪೆಗಳನ್ನು ಇವತ್ತೇ ತೆಗೆಯಬೇಕು. ಕೆಂಪಕ್ಕನವರನ್ನು ಜಗಳೂರಿಗೆ ವರ್ಗ ಮಾಡಲಾಗಿದೆ. ಸೆಕ್ರೆಟರಿ ಬೆನಕಪ್ಪನವರು ಎರೆಗಟ್ಟೆಯಲ್ಲೇ ಕಾಯಂ. ಕೆಳಗೆ ಸಹಿ, ತಿಪ್ಪೇರುದ್ರಸ್ವಾಮಿ, ಬಿಡಿಒ, ಹೊನ್ನಾಳಿ.

ಬಿಡಿಒ ಪುಟವನ್ನು ತಾವೇ ಇಸಿದುಕೊಂಡು ನೋಡಿದರು. ರೇವಣ್ಣನ ಮುಖ ನೋಡಿದರು. ಆ ಮುಖದಲ್ಲಿ ಆಗಲೇ ನಗು ಮೂಡಲು ಶುರುವಾಗಿತ್ತು. ಅದನ್ನು ಕಂಡೇ ಅವರು ಗಟ್ಟಿ ಮನಸ್ಸು ಮಾಡಿರಬೇಕು.

"ನನ್ನದೇ ಸಹಿ," ಎಂದರು. "ಜಗಳೂರು ಅಂತ ಯಾಕೆ ಬರ್ದೆವ್ವ?"

"ನಿಮ್ಮೂರಂತೆ ಸಾರ್. ನೀವು ನೋಡ್ಕಂತೀರಿ ಅಂತ."

"ಅದು ಚಿತ್ರದುರ್ಗ ಜಿಲ್ಲೆ. ಜಿಲ್ಲೆ ಬಿಟ್ಟು ವರ್ಗ ಮಾಡಾಕೆ ನನಗೆ ಅಧಿಕಾರ ಇಲ್ಲ. ನ್ಯಾಮತಿ ಅಂತ ತಿದ್ದು, ನಮ್ಮ ತಾಲ್ಲೂಕೇ ಐತೆ. ಪಕ್ಕದಾಗೆ ಒಂದು ಚಿಕ್ಕ ಸಹಿ ಹಾಕ್ತೀನಿ." ಈ ಸಲ ಅವರು ಪುಟವನ್ನು ಮೊದಲಿಂದ ಕೊನೆಯವರೆಗೆ ಎರಡು ಸಲ ಓದಿಯೇ ಸಹಿ ಹಾಕಿದರು.

ಸಂಜೆಯೊಳಗೆ ರೇವಣ್ಣನ ಮೂರು ಗಾಡಿಗಳು ಹುಲ್ಲು ಹೊತ್ತು ಬಯಲು ಬಿಟ್ಟವು. ತಿಪ್ಪೆಯೂ ಹೋಯಿತು. ಅದರ ಅಡಿಯಿಂದ ಹುಡುಗರಿಗೆ ನಾಲ್ಕು ವರ್ಷದ ಹಿಂದೆ ಕಳೆದುಹೋಗಿದ್ದ ಒಂದು ರಬ್ಬರ್ ಚೆಂಡು ಸಿಕ್ಕಿತು. ಬಯಲು ಅಷ್ಟು ದೊಡ್ಡದಿದೆ ಎಂದು ದೊಡ್ಡವರಿಗೂ ಮರೆತುಹೋಗಿತ್ತು. ಕೆಂಪಕ್ಕನ ವರ್ಗಾವಣೆ ಆದೇಶದ ನಕಲನ್ನು ಮಕ್ಕಳು ಹುಣಸೆಮರಕ್ಕೆ ಅಂಟು ಹಾಕಿ ಹಚ್ಚಿದರು. ಅಲ್ಲಿಯವರೆಗೆ ಆ ಮರದ ನೆರಳಿಗೂ ಹೋಗದಿದ್ದ ಒಂದನೇ ಕ್ಲಾಸಿನವರು ಮರುದಿನ ಅದರ ಮೇಲೆ ಕೂತು ಕಾಯಿ ತಿನ್ನುತ್ತಿದ್ದರು. ಸರ್ಕಾರದ ಮಾತನ್ನು ದೆವ್ವವಾದರೂ ಕೇಳುತ್ತದಲ್ಲ ಎಂದು ಹಿರಿಯರು ತಲೆದೂಗಿದರು.

ಒಂದು ತಿಂಗಳ ಮೇಲೆ ಹೊನ್ನಾಳಿಯಿಂದ ಟೈಪಾದ ಆರ್ಡರ್ ಬಂತು. ಕಸ್ತೂರಮ್ಮ ತವರಿಗೆ ಹೋಗಲು ಆಗಲೇ ಟ್ರಂಕು ಕಟ್ಟಿದ್ದಳು. ಬೆನಕಪ್ಪ ಆನಂದದಲ್ಲಿ ಪೋಸ್ಟ್‌ಮನ್ ಹಿಡಿದ ಕಾಗದಕ್ಕೆ "ಆದೇಶವನ್ನು ಓದಿ, ಒಪ್ಪಿ, ಸ್ವೀಕರಿಸಿದೆ" ಎಂಬಲ್ಲಿ ಸಹಿ ಹಾಕಿ ಕಳಿಸಿಬಿಟ್ಟ.

"ಓದಿದ್ರಾ ಸಾರ್?" ಎಂದಳು ಅಲ್ಲೇ ನಿಂತಿದ್ದ ಮೂಕಮ್ಮ.

ಓದಿರಲಿಲ್ಲ. ಅವಳೇ ಓದಿದಳು. ಒಂದೇ ಪುಟದಲ್ಲಿದ್ದ ಎರಡು ಹೆಸರುಗಳನ್ನು ಟೈಪು ಮಾಡುವಾಗ ಹೊನ್ನಾಳಿಯ ಗುಮಾಸ್ತರು ಅದಲುಬದಲು ಮಾಡಿಬಿಟ್ಟಿದ್ದರು. ಬೆನಕಪ್ಪನನ್ನು ನ್ಯಾಮತಿಗೆ ವರ್ಗ ಮಾಡಲಾಗಿತ್ತು. ಶ್ರೀಮತಿ ಕೆಂಪಕ್ಕನವರನ್ನು ಎರೆಗಟ್ಟೆ ಗ್ರಾಮ ಪಂಚಾಯ್ತಿಯ ಸೆಕ್ರೆಟರಿಯಾಗಿ ಕಾಯಂ ಮಾಡಲಾಗಿತ್ತು.

ಬೆನಕಪ್ಪ ಮೆಟ್ಟಿಲ ಮೇಲೆ ಕುಸಿದು ಕೂತ. ಸುದ್ದಿ ಕೇಳಿ ಮೆಂಬರುಗಳೆಲ್ಲ ಓಡಿ ಬಂದರು. ಅವರಲ್ಲಿ ರೇವಣ್ಣನೇ ಹೆಚ್ಚು ಗಾಬರಿಯಾಗಿದ್ದ. ಇನ್ನು ಮುಂದೆ ಸಹಿ ಹಾಕಲು ಹುಣಸೆಮರದ ಹತ್ತಿರ ಹೋಗಬೇಕಾದೀತು ಎಂಬ ಯೋಚನೆ ಅವನಿಗೆ ಬಂದಿತ್ತು.

"ಮೀಟಿಂಗು ಕರೀರಿ," ಎಂದ ಅವನು. "ಬೆನಕಪ್ಪನೇ ಕಾಯಂ ಆಗ್ಬೇಕು ಅಂತ ಠರಾವು ಮಾಡಾಣ. ನಾನೇ ಮೊದ್ಲು ಸಹಿ ಹಾಕ್ತೀನಿ."

ಎರೆಗಟ್ಟೆಯ ಚರಿತ್ರೆಯಲ್ಲಿ ಮೊದಲ ಸಲ ನಿಜವಾದ ಮೀಟಿಂಗು ನಡೆಯಿತು. ಮೂಕಮ್ಮ ಬರೆದಳು. ರೇವಣ್ಣ ಕನ್ನಡಕ ತರಿಸಿ ಅಕ್ಷರ ಅಕ್ಷರ ಓದಿದ. ದುರುಗಣ್ಣ ಶಾಯಿ ಹಚ್ಚಿದ ಹೆಬ್ಬೆಟ್ಟನ್ನು ಗಾಳಿಯಲ್ಲೇ ಹಿಡಿದು, "ಮೊದ್ಲು ನನಗೆ ಓದಿ ಹೇಳವ್ವ, ಆಮ್ಯಾಕೆ ಒತ್ತೋ ಮಾತು," ಎಂದ. ಉಚ್ಚಂಗಮ್ಮ ಎರಡು ತಾಸು ಮಾತಾಡಿದಳು, ಈ ಸಲ ನಿಜವಾಗಿ.

ಆರ್ಡರ್ ತಿದ್ದಿ ಬರಲು ಎರಡು ತಿಂಗಳು ಹಿಡಿಯಿತು. ಬೆನಕಪ್ಪ ಅದನ್ನು ಮೂರು ಸಲ ಓದಿ, ಕಸ್ತೂರಮ್ಮನಿಂದ ಒಂದು ಸಲ ಓದಿಸಿ, ಮೂಕಮ್ಮನಿಂದ ಗಟ್ಟಿಯಾಗಿ ಓದಿಸಿ, ಆಮೇಲೆ ಸಹಿ ಹಾಕಿ ಕಾಯಂ ಆದ. ಅಲ್ಲಿಯವರೆಗಿನ ಎರಡು ತಿಂಗಳು ಕಾಗದದ ಪ್ರಕಾರ ಎರೆಗಟ್ಟೆಯ ಸೆಕ್ರೆಟರಿ ಹುಣಸೆಮರದ ಕೆಂಪಕ್ಕನೇ. ಆ ಅವಧಿಯಲ್ಲಿ ಸೆಕ್ರೆಟರಿಯ ಮೇಲೆ ಊರಿನಿಂದ ಒಂದೇ ಒಂದು ದೂರು ಹೋಗಿಲ್ಲ.